ಬುಕಿಟ್ ಬ್ರೌನ್‌ನ ಒಂದು ಸಮಾಧಿ ಮತ್ತು ನಮ್ಮ ಹೊಸ ಮನೆ

ಸಿಂಗಾಪುರದ ಬುಕಿಟ್ ಬ್ರೌನ್ ಸ್ಮಶಾನದ ಮೂಲಕ ಹೊಸ ಹೆದ್ದಾರಿಯೊಂದು ಹಾದುಹೋಗಲಿದೆ ಎಂದು ಅಲ್ಲಿನ ಸರ್ಕಾರ 2011ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. 2012ರ ಮಾರ್ಚಿನಲ್ಲಿ ರಸ್ತೆಯ ಜಾಡು ಖಚಿತವಾಗಿ, ತೆರವಾಗಬೇಕಾದ 3,746 ಸಮಾಧಿಗಳ ವಿವರ ಹೊರಬಂದಾಗ ಅವುಗಳಲ್ಲಿ ನನ್ನ ಹೆಂಡತಿಯ ಮುತ್ತಜ್ಜ ಮುತ್ತಜ್ಜಿಯರ ಜೋಡಿ ಸಮಾಧಿಯೂ ಸೇರಿತ್ತು. ನಾನು ಹಾವೇರಿ ಸೀಮೆಯವನು, ಕಟ್ಟಡಗಳ ನಕ್ಷೆ ಬರೆಯುವುದು ನನ್ನ ವೃತ್ತಿ, ನಾನು ಅಳಿಯನಾದದ್ದು ಚೀನಾದ ಫೂಜಿಯಾನ್ ಪ್ರಾಂತದಿಂದ ವಲಸೆ ಬಂದ ಹೊಕ್ಕಿಯನ್ ಮನೆತನಕ್ಕೆ. ಸಮಾಧಿಯನ್ನು ಬಿಚ್ಚುವ ಮುನ್ನ ಅದರ ಅಳತೆ ತೆಗೆದು ನಕ್ಷೆ ಮಾಡಿಕೊಡುವ ಹೊಣೆಯನ್ನು ಮಾವನವರು ನನಗೆ ಒಪ್ಪಿಸಿದರು. ಅತ್ತೆ ಮಾವಂದಿರೂ ನಮ್ಮೊಡನೆ ಇರಲೆಂದು ಕೊಂಡಿದ್ದ ದೊಡ್ಡ ಫ್ಲ್ಯಾಟಿನ ಒಳಗಿನ ಕೆಲಸವೂ ಅದೇ ಕಾಲದಲ್ಲಿ ನಡೆದಿತ್ತು. ಆದ್ದರಿಂದ ಸತ್ತವರ ನೆಲೆಯನ್ನು ತೆರವು ಮಾಡುವ ಮತ್ತು ಇದ್ದವರ ನೆಲೆಯನ್ನು ಸಿದ್ಧಪಡಿಸುವ ಎರಡೂ ಕೆಲಸಗಳಿಗೆ ನೆಲ, ನೀರು, ದಿಕ್ಕು ನೋಡಿ ನೆಲೆ ಗೊತ್ತುಮಾಡುವ ಚೀನೀ ವಿದ್ಯೆಯಾದ ಫೆಂಗ್ ಶುಯಿಯ ಒಬ್ಬರೇ ಪಂಡಿತರು ಬಂದರು, ಎರಡೂ ಕಡೆ ಅವರೊಡನೆ ಟೇಪು ಹಿಡಿದು ನಿಂತವನು ನಾನು. ಚೀನೀ ಪರಂಪರೆಯಲ್ಲಿ ಇವು ಎರಡು ವಿದ್ಯೆಗಳಲ್ಲ. ಸಮಾಧಿ ಯಿನ್ ಮನೆ, ಅಂದರೆ ಸತ್ತವರದು, ವಾಸದ ಮನೆ ಯಾಂಗ್ ಮನೆ, ಅಂದರೆ ಬದುಕಿರುವವರದು, ಎರಡಕ್ಕೂ ಶಾಸ್ತ್ರ ಒಂದೇ. ಅದು ಹೇಗೆ ಒಂದೇ ಎಂಬುದನ್ನು ಕೆಲಸ ಮಾಡುತ್ತಾ ನಾನು ಕಂಡಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಬುಕಿಟ್ ಬ್ರೌನ್ ಹತ್ತೊಂಬತ್ತನೆಯ ಶತಮಾನದಲ್ಲಿ ಹೊಕ್ಕಿಯನ್ನರ ಓಂಗ್ ಕುಲದವರು ತಮ್ಮವರಿಗಾಗಿ ಕೊಂಡಿದ್ದ ಗುಡ್ಡ. ನಗರಸಭೆ ಅದನ್ನು ವಶಪಡಿಸಿಕೊಂಡು, 1922ರ ಜನವರಿ 1ರಂದು ಎಲ್ಲ ಚೀನೀಯರಿಗೂ ತೆರೆದ ಸಾರ್ವಜನಿಕ ಸ್ಮಶಾನವನ್ನಾಗಿ ಮಾಡಿತು. 1973ರಲ್ಲಿ ಅದು ಮುಚ್ಚುವ ಹೊತ್ತಿಗೆ ಅಲ್ಲಿ ಸುಮಾರು ಒಂದು ಲಕ್ಷ ಸಮಾಧಿಗಳಿದ್ದವು. ಆರಂಭದಲ್ಲಿ ಜನ ಅದಕ್ಕೆ ಒಲಿಯಲಿಲ್ಲ. ನಗರಸಭೆ ಸಾಲು ಹಿಡಿದು ಸಣ್ಣ ಸಣ್ಣ ನಿವೇಶನಗಳನ್ನು ಗುರುತಿಸಿತ್ತು, ದಿಕ್ಕನ್ನೂ ಜಾಗವನ್ನೂ ಆರಿಸಿಕೊಳ್ಳಲು ಬಿಡದ ಸ್ಮಶಾನದಲ್ಲಿ ತಂದೆಯನ್ನು ಮಲಗಿಸಲು ಚೀನೀ ಮಕ್ಕಳಿಗೆ ಮನಸ್ಸು ಬಾರದು. ನಿವೇಶನದ ಅಳತೆ ಹಿಗ್ಗಿಸಿದ ಮೇಲಷ್ಟೇ ಜನ ಬರತೊಡಗಿದರು. ಸಮಾಧಿಯ ಜಾಗವೆಂದರೆ ಅವರಿಗೆ ಮೂಳೆ ಹೂಳುವ ನೆಲವಷ್ಟೇ ಆಗಿರಲಿಲ್ಲ ಎಂಬುದಕ್ಕೆ ಈ ಒಂದು ಸಂಗತಿಯೇ ಸಾಕು.

ಸಮಾಧಿಯನ್ನು ಹುಡುಕುವುದು ಮೊದಲ ಕೆಲಸ. ಹೂಳಿದವರ ಹಳೆಯ ನೋಂದಣಿ ಪುಸ್ತಕಗಳು ಉಳಿದಿವೆ, ಹೆಸರು ಮತ್ತು ವರ್ಷ ಗೊತ್ತಿದ್ದರೆ ನಿವೇಶನದ ಸಂಖ್ಯೆ ಸಿಗುತ್ತದೆ. ರಸ್ತೆಗೆ ಸಿಕ್ಕ ಪ್ರತಿಯೊಂದು ಸಮಾಧಿಯ ಪಕ್ಕದಲ್ಲೂ ಸಂಖ್ಯೆ ಬರೆದ ಗೂಟ ನೆಟ್ಟಿದ್ದರು. ಆದರೂ ಮೊಣಕಾಲು ಮೀರಿ ಬೆಳೆದ ಹುಲ್ಲು, ಬಳ್ಳಿ, ಬಿದ್ದ ಮರಗಳ ನಡುವೆ ದಾರಿ ಮಾಡಿಕೊಂಡು ಹೋಗಲು, ವರ್ಷಕ್ಕೊಮ್ಮೆ ಹುಲ್ಲು ಸವರುತ್ತಿದ್ದ ಸ್ಮಶಾನದ ಆಳಿನ ನೆರವು ಬೇಕಾಯಿತು. ದಾರಿಯಲ್ಲಿ ಚ್ಯೂ ಗೇಕ್ ಲಿಯಾಂಗ್ ಎಂಬವರ ಸಮಾಧಿಯ ಎರಡು ಬದಿಗೆ ನಿಂತ ಸಿಖ್ ಕಾವಲುಗಾರರ ಪ್ರತಿಮೆಗಳನ್ನು ಅವನು ತೋರಿಸಿದ. ಬ್ರಿಟಿಷರ ಕಾಲದ ಸಿಂಗಾಪುರದಲ್ಲಿ ಉಳ್ಳವರ ಮನೆ, ಗೋದಾಮುಗಳ ಬಾಗಿಲಲ್ಲಿ ಪಂಜಾಬಿನ ಸಿಖ್ಖರು ಕಾವಲಿರುತ್ತಿದ್ದರು. ಮನೆಗೆ ಇದ್ದ ಕಾವಲು ಸಮಾಧಿಗೂ ಇರಬೇಕೆಂದು ಅವರನ್ನು ಪ್ರತಿಮೆಯಾಗಿಸಿ ಅಲ್ಲಿ ನಿಲ್ಲಿಸಿದ್ದಾರೆ. ಪೇಟ, ಗಡ್ಡ, ಕೋವಿಗಳೊಂದಿಗೆ ನಿಂತ ಆ ಭಾರತೀಯರನ್ನು ಚೀನೀ ಗುಡ್ಡದ ಮೇಲೆ ಕಂಡಾಗ ನನಗೆ ಆ ಸ್ಮಶಾನ ಪರಕೀಯವೆನಿಸಲಿಲ್ಲ.

ನಮ್ಮ ಸಮಾಧಿ ಅಷ್ಟು ದೊಡ್ಡದಲ್ಲ, ಆದರೆ ಪೂರ್ಣವಾದದ್ದು. ದಕ್ಷಿಣ ಚೀನಾದ ರೀತಿಯಂತೆ ಗುಡ್ಡದ ಇಳಿಜಾರಿನಲ್ಲಿ, ಹಿಂದೆ ಮಣ್ಣಿನ ದಿಬ್ಬ, ಮುಂದೆ ಶಾಸನದ ಕಲ್ಲು, ಅದರ ಮುಂದೆ ನೈವೇದ್ಯದ ಕಟ್ಟೆ, ಆಮೇಲೆ ಹೆಂಚು ಹಾಸಿದ ಅಂಗಳ, ಇಡೀ ರಚನೆಯನ್ನು ಎರಡು ಕಡೆಯಿಂದ ಬಳಸಿಕೊಂಡು ಬರುವ ಬಾಗಿದ ಗೋಡೆಗಳು. ದೂರದಿಂದ ನೋಡಿದರೆ ಕೈಗಳುಳ್ಳ ದೊಡ್ಡ ಕುರ್ಚಿಯೊಂದನ್ನು ಗುಡ್ಡಕ್ಕೆ ಒರಗಿಸಿಟ್ಟಂತೆ ಕಾಣುತ್ತದೆ. ಪಂಡಿತರು ಬಂದವರು ಕಲ್ಲಿನ ಕಡೆ ನೋಡಲೇ ಇಲ್ಲ. ಕಲ್ಲಿಗೆ ಬೆನ್ನು ಕೊಟ್ಟು, ಸತ್ತವರು ಎತ್ತ ನೋಡುತ್ತಿದ್ದಾರೋ ಅತ್ತ ಮುಖ ಮಾಡಿ ನಿಂತು, ನನ್ನನ್ನೂ ಹಾಗೆಯೇ ನಿಲ್ಲಿಸಿದರು. ಎಡಕ್ಕೆ ಕಾಣುವ ಏರು ಹಸಿರು ಡ್ರ್ಯಾಗನ್, ಬಲಕ್ಕೆ ಕಾಣುವುದು ಬಿಳಿ ಹುಲಿ, ಬೆನ್ನ ಹಿಂದಿನ ಗುಡ್ಡ ಕಪ್ಪು ಆಮೆ, ಮುಂದೆ ದೂರದಲ್ಲಿ ತಗ್ಗಾಗಿ ಕಾಣುವ ದಿಣ್ಣೆ ಕೆಂಪು ಹಕ್ಕಿ. ಡ್ರ್ಯಾಗನ್ ಏರು ಹುಲಿಗಿಂತ ತುಸು ಎತ್ತರವಿರಬೇಕು, ಆಮೆ ಗಟ್ಟಿಯಾಗಿರಬೇಕು, ಹಕ್ಕಿಯ ಕಡೆ ಬಯಲಿರಬೇಕು. ಚಿ ಎಂಬ ಜೀವಶಕ್ತಿ ಗಾಳಿಗೆ ಸಿಕ್ಕರೆ ಚದುರಿಹೋಗುತ್ತದೆ, ನೀರಿನ ಗಡಿ ಸಿಕ್ಕಲ್ಲಿ ನಿಲ್ಲುತ್ತದೆ ಎಂಬುದು ಈ ಶಾಸ್ತ್ರದ ತಿರುಳು, ನಾಲ್ಕನೆಯ ಶತಮಾನದ ಆರಂಭದಲ್ಲಿದ್ದ ಗುವೊ ಪು ಎಂಬ ವಿದ್ವಾಂಸನ ಹೆಸರಿಗೆ ಪರಂಪರೆ ಈ ಮಾತನ್ನು ಹಚ್ಚುತ್ತದೆ. ಆದ್ದರಿಂದ ಮೂರು ಕಡೆ ಗಾಳಿಗೆ ತಡೆ, ಒಂದು ಕಡೆ ನೀರಿಗೆ ಮುಖ ಎಂಬುದು ಸಮಾಧಿಗೂ ಊರಿಗೂ ಅರಮನೆಗೂ ಸಮಾನವಾದ ಲಕ್ಷಣ.

ಆಮೇಲೆ ಅವರು ಲುವೊಪಾನ್ ತೆಗೆದರು. ಮಧ್ಯದಲ್ಲಿ ಸೂಜಿ, ಸುತ್ತಲೂ ಒಂದರ ಹೊರಗೊಂದರಂತೆ ಅಕ್ಷರಗಳ ಉಂಗುರಗಳಿರುವ ದಿಕ್ಸೂಚಿ ಅದು. ಅದರ ಮುಖ್ಯ ಉಂಗುರದಲ್ಲಿ ದಿಕ್ಚಕ್ರವನ್ನು ತಲಾ 15 ಡಿಗ್ರಿಯ 24 ಭಾಗಗಳಾಗಿ ಹಂಚಿದೆ. ನಮ್ಮ ಸಮಾಧಿ ಗೆನ್ ಭಾಗದಲ್ಲಿ ಕುಳಿತು ಕುನ್ ಭಾಗವನ್ನು ನೋಡುತ್ತಿತ್ತು, ಅಂದರೆ ಬೆನ್ನು ಈಶಾನ್ಯಕ್ಕೆ, ಮುಖ ನೈಋತ್ಯಕ್ಕೆ. ಈ ಎರಡು ಅಕ್ಷರಗಳನ್ನು ಶಾಸನದ ಅಂಚಿನಲ್ಲೇ ಕೊರೆದಿದ್ದರು. ನೈಋತ್ಯಕ್ಕೆ ಬಾಗಿಲಿಡಬಾರದೆಂದು ಕೇಳುತ್ತಾ ಬೆಳೆದ ನನಗೆ ಇದು ವಿಚಿತ್ರವಾಗಿ ಕಂಡು ಕೇಳಿಯೇಬಿಟ್ಟೆ. "ಸೂಜಿ ಮೊದಲಲ್ಲ, ಗುಡ್ಡ ಮೊದಲು. ಗುಡ್ಡ ಎಲ್ಲಿ ಕೂರಿಸುತ್ತದೋ ಅಲ್ಲಿ ಕುಳಿತು, ಆಮೇಲೆ ಸೂಜಿಯಿಂದ ಸರಿಮಾಡಿಕೊಳ್ಳಬೇಕು" ಎಂದರು. ನಮ್ಮ ವಾಸ್ತುವಿನಲ್ಲಿ ಒಂದೊಂದು ದಿಕ್ಕಿಗೂ ಒಬ್ಬೊಬ್ಬ ಒಡೆಯನಿದ್ದಾನೆ, ಅವನ ಸ್ವಭಾವ ಊರು ಬದಲಾದರೂ ಬದಲಾಗದು. ಇವರಲ್ಲಿ ದಿಕ್ಕಿನ ಒಳಿತು ಕೆಡುಕು ನೆಲದ ಏರಿಳಿತ, ಮನುಷ್ಯ ಹುಟ್ಟಿದ ವರ್ಷ, ನಡೆಯುತ್ತಿರುವ ಕಾಲಘಟ್ಟಗಳ ಮೇಲೆ ನಿಂತಿದೆ. ಎರಡನ್ನೂ ಒಂದೇ ಎಂದು ಬೆರೆಸಿ ಬೆಂಗಳೂರಿನ ಅಂಗಡಿಗಳಲ್ಲಿ ಮಾರುವ ಆಮೆ, ಬಿದಿರು, ನಗುವ ಮುದುಕರ ಬೊಂಬೆಗಳನ್ನಷ್ಟೇ ಫೆಂಗ್ ಶುಯಿ ಎಂದು ತಿಳಿದಿರುವವರಿಗೆ ಈ ವ್ಯತ್ಯಾಸ ಮುಖ್ಯವೆಂದು ನನಗನಿಸುತ್ತದೆ.

ನಕ್ಷೆ ಬರೆಯುವವನಾಗಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ನೀರಿನ ಏರ್ಪಾಡು. ವರ್ಷಕ್ಕೆ 2,000 ಮಿ.ಮೀ. ಮೀರಿ ಮಳೆ ಬೀಳುವ ಊರಿನಲ್ಲಿ, ಇಳಿಜಾರಿನಲ್ಲಿ, ಇಟ್ಟಿಗೆಯ ಗುಂಡಿಯೊಳಗೆ ಮರದ ಪೆಟ್ಟಿಗೆಯನ್ನಿಟ್ಟು ಅದು ಕೊಚ್ಚಿಹೋಗದಂತೆ ಉಳಿಸುವುದು ಸುಲಭವಲ್ಲ. ದಿಬ್ಬದ ಹಿಂದಿನ ಬಾಗಿದ ಏರಿ ಮೇಲಿನಿಂದ ಹರಿದುಬರುವ ನೀರನ್ನು ಎರಡಾಗಿ ಸೀಳಿ ಪಕ್ಕಕ್ಕೆ ತಿರುಗಿಸುತ್ತದೆ. ಅಂಗಳದೊಳಗೆ ಬಿದ್ದ ಮಳೆ ನೇರವಾಗಿ ಮುಂದಕ್ಕೆ ಓಡಿಹೋಗುವುದಿಲ್ಲ. ಅಂಗಳ ನಡುವಿಗೆ ತುಸು ತಗ್ಗಾಗಿದ್ದು, ನೀರು ಅಲ್ಲಿ ಕೂಡಿ, ಬಲಬದಿಯ ಗೋಡೆಯ ಬುಡದಲ್ಲಿ ಹೆಬ್ಬೆರಳು ಹಿಡಿಸುವಷ್ಟು ಸಣ್ಣ ಕಂಡಿಯಿಂದ ನಿಧಾನವಾಗಿ ಹೊರಬೀಳುತ್ತದೆ. ಆ ಕಂಡಿಯನ್ನು ಎಲ್ಲಿ ಇಡಬೇಕೆಂಬುದಕ್ಕೂ ಲುವೊಪಾನ್ ನೋಡುತ್ತಾರೆ, ನೀರೆಂದರೆ ಸಂಪತ್ತು, ಅದು ಕಣ್ಣೆದುರೇ ಓಡಿಹೋಗಬಾರದು. ಎಪ್ಪತ್ತೈದು ವರ್ಷದ ಮಳೆಗೆ ಆ ಅಂಗಳದ ಒಂದು ಹೆಂಚೂ ಕದಲಿರಲಿಲ್ಲ. ನಂಬಿಕೆ ಎಲ್ಲಿ ಮುಗಿದು ನೆಲದ ತಿಳಿವಳಿಕೆ ಎಲ್ಲಿ ಶುರುವಾಗುತ್ತದೆ ಎಂದು ಅಲ್ಲಿ ಗೆರೆ ಎಳೆಯಲು ನನ್ನಿಂದ ಸಾಧ್ಯವಿಲ್ಲ, ಎಳೆಯಬೇಕೆಂದೂ ಅನಿಸಲಿಲ್ಲ.

ಆ ಹೆಂಚುಗಳ ಬಗ್ಗೆಯೂ ಹೇಳಬೇಕು. ಗುಲಾಬಿ, ಹಸಿರು, ಹಳದಿ ಹೂಬಳ್ಳಿಗಳು ಉಬ್ಬಿ ಕಾಣುವ ಆ ಹೊಳಪಿನ ಹೆಂಚುಗಳು ಇಂಗ್ಲೆಂಡ್, ಬೆಲ್ಜಿಯಂ, ಜಪಾನ್‌ಗಳಿಂದ ಹಡಗಿನಲ್ಲಿ ಬಂದಂಥವು. ಜೂ ಚಿಯಾಟ್, ಬ್ಲೇರ್ ರಸ್ತೆಗಳ ಹಳೆಯ ಸಾಲುಮನೆಗಳ ಮುಂಗೋಡೆಯಲ್ಲಿ ಇಂಥವೇ ಹೆಂಚುಗಳಿವೆ. ಕಿಟಕಿಯ ಮೇಲಿನ ಗಾಳಿಕಿಂಡಿಯನ್ನು ಬಾವಲಿಯ ಆಕಾರದಲ್ಲಿ ಕತ್ತರಿಸಿರುವುದನ್ನೂ ಆ ಮನೆಗಳಲ್ಲಿ ನೋಡಬಹುದು, ನಮ್ಮ ಸಮಾಧಿಯ ಕಲ್ಲಿನ ನೆತ್ತಿಯಲ್ಲೂ ಐದು ಬಾವಲಿಗಳಿದ್ದವು. ಬಾವಲಿಯ ಚೀನೀ ಹೆಸರು ಭಾಗ್ಯ ಎಂಬ ಪದದಂತೆಯೇ ಕೇಳಿಸುವುದರಿಂದ ಐದು ಬಾವಲಿ ಎಂದರೆ ದೀರ್ಘಾಯುಷ್ಯ, ಸಂಪತ್ತು, ಆರೋಗ್ಯ, ಸದ್ಗುಣದ ಒಲವು, ಸುಖದ ಸಾವು ಎಂಬ ಐದು ಭಾಗ್ಯಗಳು. ಪಕ್ಕದ ಕಂಬಗಳಲ್ಲಿ ಕೊಕ್ಕರೆ ಮತ್ತು ಜಿಂಕೆ, ಕಟ್ಟೆಯ ಮುಂದೆ ಕಮಲ, ಎರಡು ತುದಿಗೆ ಸಿಂಹಗಳ ಜೋಡಿ. ಎಡಬದಿಯಲ್ಲಿ ಪ್ರತ್ಯೇಕವಾಗಿ ನಿಂತ ಸಣ್ಣ ಕಲ್ಲು ಭೂದೇವರದು. ಈ ನೆಲದ ಒಡೆಯ ಅವನು, ಸತ್ತವರು ಅವನ ಒಕ್ಕಲು, ಆದ್ದರಿಂದ ಯಾವ ಪೂಜೆಯೂ ಅವನಿಂದಲೇ ಮೊದಲಾಗಬೇಕು.

ಶಾಸನವನ್ನು ಓದಿ ಹೇಳಿದವರು ಮಾವನವರು. ನೆತ್ತಿಯಲ್ಲಿ ಟೊಂಗ್‌ಆನ್ ಎಂಬ ಮೂಲ ಊರಿನ ಹೆಸರು. ನಡುವೆ ಇಬ್ಬರ ಹೆಸರಿನ ಎರಡು ಸಾಲು. ಒಂದು ಪಕ್ಕದಲ್ಲಿ ಚೀನೀ ಗಣರಾಜ್ಯದ 26ನೆಯ ವರ್ಷ, ಅಂದರೆ 1937. ಇನ್ನೊಂದು ಪಕ್ಕದಲ್ಲಿ ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಮುತ್ತಜ್ಜನ ಹೆಸರಿನ ಸಾಲಿನಲ್ಲಿ ಏಳು ಅಕ್ಷರಗಳಿದ್ದವು. ಹುಟ್ಟು, ಮುಪ್ಪು, ರೋಗ, ಸಾವು, ದುಃಖ ಎಂದು ಐದರ ಸುತ್ತಿನಲ್ಲಿ ಅಕ್ಷರಗಳನ್ನು ಎಣಿಸುತ್ತಾ ಹೋಗಿ, ಕೊನೆಯದು ಹುಟ್ಟು ಇಲ್ಲವೇ ಮುಪ್ಪಿನ ಮೇಲೆ ನಿಲ್ಲುವಂತೆ ಬರೆಯುವುದು ಪದ್ಧತಿ, ಏಳನೆಯದು ಮುಪ್ಪಿನ ಮೇಲೆ ನಿಲ್ಲುತ್ತದೆ. ಬ್ರಷ್ಷಿನಿಂದ ಪಾಚಿ ತೆಗೆಯುತ್ತಿದ್ದಾಗ ಮುತ್ತಜ್ಜಿಯ ಹೆಸರಿನ ಗೀರುಗಳ ಆಳದಲ್ಲಿ, ಚಿನ್ನದ ಬಣ್ಣದ ಕೆಳಗೆ, ಕೆಂಪು ಬಣ್ಣದ ಚೂರುಗಳು ಕಂಡವು. ಗಂಡ ತೀರಿದಾಗಲೇ ಅವರ ಹೆಸರನ್ನೂ ಕೊರೆಸಿ, ಬದುಕಿರುವವರ ಗುರುತಾಗಿ ಕೆಂಪು ತುಂಬಿಸಿದ್ದರು. ಅವರೂ ಹೋದ ಮೇಲೆ ಅದರ ಮೇಲೆ ಚಿನ್ನದ ಬಣ್ಣ ಬಂದಿದೆ. ಆ ನಡುವಿನ ವರ್ಷಗಳಲ್ಲಿ, ಹಿರಿಯರ ಸಮಾಧಿ ಪೂಜಿಸುವ ಹಬ್ಬವಾದ ಪ್ರತಿ ಏಪ್ರಿಲ್‌ನ ಚಿಂಗ್‌ಮಿಂಗ್ ದಿನ ಅವರು ಇಲ್ಲಿಗೆ ಬಂದು ತಮ್ಮ ಹೆಸರಿನ ಮುಂದೆಯೇ ಊದುಬತ್ತಿ ಹಚ್ಚಿದ್ದಾರೆ. ಗಂಡುಮಕ್ಕಳ ಸಾಲಿನಲ್ಲಿ ಮಾವನವರಿಗೆ ಗೊತ್ತೇ ಇಲ್ಲದ ಒಂದು ಹೆಸರೂ ಇತ್ತು. ಮನೆಯ ಹಿರಿಯ ಅತ್ತೆಯೊಬ್ಬರನ್ನು ವಿಚಾರಿಸಿದಾಗ, ಆತ ಟೊಂಗ್‌ಆನ್‌ನ ಹಳ್ಳಿಯಲ್ಲೇ ಉಳಿದುಬಿಟ್ಟ ಹಿರಿಯ ಮಗನೆಂದು ತಿಳಿಯಿತು.

ಅಳತೆ ಹಿಡಿಯಲು ನಾನು ನನ್ನ ಕೆಲಸದ ಟೇಪು ಒಯ್ದಿದ್ದೆ. ಪಂಡಿತರು ಅದನ್ನು ಬದಿಗಿರಿಸಿ, ಸಿಂಗಾಪುರದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ತಮ್ಮ ಟೇಪನ್ನು ಕೊಟ್ಟರು. ಸೆಂಟಿಮೀಟರುಗಳ ಜೊತೆಗೆ ಅದರಲ್ಲಿ ಶುಭಕ್ಕೆ ಕೆಂಪು, ಅಶುಭಕ್ಕೆ ಕಪ್ಪು ಅಕ್ಷರಗಳ ಎರಡು ಸಾಲುಗಳು ಉದ್ದಕ್ಕೂ ಮತ್ತೆ ಮತ್ತೆ ಬರುತ್ತವೆ. ಮೇಲಿನದು ಬಡಗಿಗಳ ಮೂಲಪುರುಷ ಲೂ ಬಾನ್‌ನ ಅಳತೆಕೋಲು, 42.9 ಸೆಂ.ಮೀ. ಉದ್ದವನ್ನು ಎಂಟು ಭಾಗ ಮಾಡಿದ್ದು, ಮನೆಯ ಬಾಗಿಲು ಕಿಟಕಿಗಳಿಗೆ. ಕೆಳಗಿನದು ಡಿಂಗ್ ಲಾನ್‌ನ ಅಳತೆಕೋಲು, 38.8 ಸೆಂ.ಮೀ. ಉದ್ದವನ್ನು ಹತ್ತು ಭಾಗ ಮಾಡಿದ್ದು, ಸಮಾಧಿಗೆ ಮತ್ತು ಪೂರ್ವಜರ ಪೂಜಾಪೀಠಕ್ಕೆ. ಡಿಂಗ್ ಲಾನ್ ಎಂಬುವನು ತಂದೆತಾಯಿ ತೀರಿಕೊಂಡ ಮೇಲೆ ಅವರ ಮರದ ಪ್ರತಿಮೆಗಳನ್ನು ಕೆತ್ತಿ, ಬದುಕಿದ್ದವರಿಗೆ ಮಾಡುವಂತೆಯೇ ಸೇವೆ ಮಾಡಿದವನು. ಚೀನೀಯರು ಮಾತೃಪಿತೃಭಕ್ತಿಗೆ ಮಾದರಿಯೆಂದು ಹೇಳುವ ಇಪ್ಪತ್ನಾಲ್ಕು ಮಂದಿಯಲ್ಲಿ ಅವನೊಬ್ಬ. ಬುಕಿಟ್ ಬ್ರೌನ್‌ನ ಅತಿ ದೊಡ್ಡದಾದ ಓಂಗ್ ಸ್ಯಾಮ್ ಲಿಯಾಂಗ್ ಅವರ ಸಮಾಧಿಯಲ್ಲಿ ಆ ಇಪ್ಪತ್ನಾಲ್ಕು ಕಥೆಗಳನ್ನೂ ಕಲ್ಲಿನಲ್ಲಿ ಕೆತ್ತಿದ್ದಾರೆ. ನಮ್ಮ ಕಲ್ಲಿನ ಅಗಲ 61 ಸೆಂ.ಮೀ., ಎತ್ತರ 96 ಸೆಂ.ಮೀ. ಕೆಳಗಿನ ಸಾಲಿನಲ್ಲಿ ನೋಡಿದರೆ ಅಗಲ 'ಅಧಿಕಾರ'ದ ಮೇಲೆ, ಎತ್ತರ 'ಧರ್ಮ'ದ ಮೇಲೆ, ಎರಡೂ ಕೆಂಪು. ನಮ್ಮ ಊರ ಕಡೆ ಹಳೆಯ ಮನೆ ಕಟ್ಟುವಾಗ ಆಯ ನೋಡುತ್ತಿದ್ದುದು ನನಗೆ ನೆನಪಾಯಿತು. ಅಳತೆಯನ್ನು ಗುಣಿಸಿ ಎಂಟರಿಂದ ಭಾಗಿಸಿ, ಉಳಿಯುವ ಶೇಷ ಧ್ವಜವೋ ಧೂಮವೋ, ಸಿಂಹವೋ ಶ್ವಾನವೋ ಎಂದು ತಿಳಿದು, ಬೆಸ ಬಂದರೆ ಮಾತ್ರ ಕಟ್ಟುತ್ತಿದ್ದರು. ಎಂಟರ ಆ ಲೆಕ್ಕಕ್ಕೂ ಎಂಟು ಭಾಗಗಳ ಈ ಕೋಲಿಗೂ ಸಂಬಂಧವಿದೆಯೆಂದು ನಾನು ವಾದಿಸುವುದಿಲ್ಲ. ಆದರೆ ಅಳತೆಗೂ ಹಣೆಬರಹಕ್ಕೂ ನಂಟು ಕಟ್ಟಿದ ಜನರ ನಡುವೆ ಬೆಳೆದವನಿಗೆ ಆ ಟೇಪನ್ನು ಓದುವುದು ಕಷ್ಟವಾಗಲಿಲ್ಲ.

ನಕ್ಷೆ ಮುಗಿದ ಮೇಲೆ ಮನೆಯಲ್ಲಿ ಚರ್ಚೆ ನಡೆಯಿತು, ಅದು ಸುಲಭದ್ದಾಗಿರಲಿಲ್ಲ. ಮಾವನವರ ಅಣ್ಣನಿಗೆ ಸಮಾಧಿ ಮುಟ್ಟುವುದೇ ಬೇಡವಾಗಿತ್ತು. ಒಳ್ಳೆಯ ಜಾಗದಲ್ಲಿ ಮಲಗಿದ ಹಿರಿಯರ ಮೂಳೆಗಳು ನೆಲದ ಚಿಯನ್ನು ಹೀರಿ, ಅದೇ ರಕ್ತದ ಮಕ್ಕಳಿಗೆ ಮುಟ್ಟಿಸುತ್ತವೆ ಎಂಬುದು ಯಿನ್ ಮನೆಯ ಶಾಸ್ತ್ರದ ಅಡಿಪಾಯ. ನಾಲ್ಕು ತಲೆಮಾರು ಹಸಿವಿಲ್ಲದೆ ಬಾಳಿದ್ದು ಆ ಗುಡ್ಡದಿಂದ ಎಂದು ಅವರು ನಂಬಿದ್ದರು. ಅವರ ಅಳಲನ್ನು ನಾನು ಹಗುರವಾಗಿ ಕಾಣಲಾರೆ. ನಮ್ಮಲ್ಲಿ ಲಿಂಗಾಯತರು ಹಿರಿಯರನ್ನು ಕೂತ ಭಂಗಿಯಲ್ಲಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಎಷ್ಟೋ ಸಲ ಸ್ವಂತ ಹೊಲದಲ್ಲೇ ಸಮಾಧಿ ಮಾಡುತ್ತೇವೆ. ನನ್ನ ಅಜ್ಜನ ಗದ್ದುಗೆಯ ಮೇಲೆ ರಸ್ತೆ ಬರುತ್ತದೆಂದರೆ ನಮ್ಮ ಮನೆಯಲ್ಲೂ ಇದೇ ಮಾತು ಏಳುತ್ತಿತ್ತು. ಪಂಡಿತರು ಹೇಳಿದ್ದು ಒಂದೇ ಮಾತು. ಅಸ್ಥಿಯನ್ನು ಸುಟ್ಟ ಮೇಲೆ ಅದು ಮಕ್ಕಳಿಗೆ ಚಿಯನ್ನು ಮುಟ್ಟಿಸುವುದಿಲ್ಲ, ಒಳಿತೂ ಇಲ್ಲ, ಕೆಡುಕೂ ಇಲ್ಲ. ಇಲ್ಲಿಯವರೆಗೆ ಸಮಾಧಿ ಮಾಡುತ್ತಿದ್ದ ಕೆಲಸವನ್ನು ಇನ್ನು ಮೇಲೆ ಮನೆ ಮಾಡಬೇಕು. ಹಿರಿಯರಿಗೆ ಸಮಾಧಾನವಾಯಿತೆಂದು ಹೇಳಲಾರೆ, ಆದರೆ ಒಪ್ಪಿದರು.

ರಸ್ತೆಗೆ ಸಿಕ್ಕ ಸಮಾಧಿಗಳನ್ನು ಅಗೆದು, ಅಸ್ಥಿಯನ್ನು ದಹಿಸಿ, ಭಸ್ಮಕ್ಕೆ ಸರ್ಕಾರಿ ಭಸ್ಮಾಲಯದಲ್ಲಿ ಗೂಡು ಕೊಡುವ ಖರ್ಚನ್ನು ಸರ್ಕಾರವೇ ಭರಿಸಿತ್ತು. ಸಂಬಂಧಕ್ಕೆ ದಾಖಲೆ ಕೊಟ್ಟು ಹಕ್ಕು ಸ್ಥಾಪಿಸುವುದು ಕುಟುಂಬದ ಕೆಲಸ. ದಿನವನ್ನು ಚೀನೀ ಪಂಚಾಂಗ ನೋಡಿ ಗೊತ್ತುಮಾಡಿದೆವು, ಅದರಲ್ಲಿ ದಿನಕ್ಕೂ ವರ್ಷಕ್ಕೂ ಒಂದೊಂದು ಪ್ರಾಣಿಯ ಹೆಸರಿದೆ, ಆ ದಿನದ ಪ್ರಾಣಿಗೆ ವಿರೋಧವಾದ ವರ್ಷದಲ್ಲಿ ಹುಟ್ಟಿದವರು ಅಸ್ಥಿ ಎತ್ತುವಾಗ ಬೆನ್ನು ತಿರುಗಿಸಿ ನಿಲ್ಲಬೇಕೆಂದು ಪಟ್ಟಿಯೂ ಸಿದ್ಧವಾಯಿತು.

ಆ ಬೆಳಿಗ್ಗೆ ಬೆಳಕು ಹರಿಯುವ ಮುನ್ನವೇ ಅಲ್ಲಿದ್ದೆವು. ಮೊದಲು ಭೂದೇವರಿಗೆ ಕಿತ್ತಳೆ, ಕೆಂಪು ಅಕ್ಕಿಕಡುಬು, ಊದುಬತ್ತಿ. ಆಮೇಲೆ ಮುತ್ತಜ್ಜ ಮುತ್ತಜ್ಜಿಯರಿಗೆ. ಮಾವನವರು ಕಲ್ಲಿನ ಮುಂದೆ ಮಂಡಿಯೂರಿ, ರಸ್ತೆ ಬರುವ ವಿಷಯವನ್ನು, ಎಲ್ಲಿಗೆ ಕರೆದೊಯ್ಯುತ್ತೇವೆ ಎಂಬುದನ್ನು ಹೊಕ್ಕಿಯನ್ ಭಾಷೆಯಲ್ಲಿ ವಿವರವಾಗಿ ಅರಿಕೆ ಮಾಡಿದರು. ನಂತರ ಎರಡು ನಾಣ್ಯಗಳನ್ನು ಎಸೆದರು, ಒಂದು ತಲೆ ಒಂದು ಬಾಲ ಬಿದ್ದರೆ ಸಮ್ಮತಿ. ಸಮ್ಮತಿ ಸಿಕ್ಕ ಮೇಲೆಯೇ ಗುದ್ದಲಿ ಬಿದ್ದದ್ದು. ಅಗೆಯುವವರು ಅನುಭವಸ್ಥರು, ಮಣ್ಣಿನ ಬಣ್ಣ ಬದಲಾದೊಡನೆ ಗುದ್ದಲಿ ಬಿಟ್ಟು ಕೈಯಿಂದ ತೆಗೆಯತೊಡಗಿದರು. ಅಸ್ಥಿಗೆ ಆಕಾಶ ಕಾಣಬಾರದೆಂದು ಗುಂಡಿಯ ಮೇಲೆ ಕಪ್ಪು ಕೊಡೆ ಹಿಡಿದೆವು. ತಲೆಬುರುಡೆಯಿಂದ ಮೊದಲುಮಾಡಿ ಪಾದದವರೆಗೆ ಕ್ರಮವಾಗಿ ಎತ್ತಿ, ಅಕ್ಕಿಯ ಮದ್ಯದಲ್ಲಿ ತೊಳೆದು, ಒಂದೊಂದನ್ನೂ ಹೆಸರಿಸಿ ಚೀಲಕ್ಕೆ ಹಾಕುವುದು ರೀತಿ. ಆ ಗುಡ್ಡದ ಮಣ್ಣಿನಲ್ಲಿ ಮುತ್ತಜ್ಜನದು ತೊಡೆಯ ಮೂಳೆಗಳು, ಬುರುಡೆಯ ಭಾಗ, ಕೆಲವು ಹಲ್ಲುಗಳು ಉಳಿದಿದ್ದವು. ಮುತ್ತಜ್ಜಿಯ ಕಡೆ ಮೂಳೆ ಬಹುತೇಕ ಕರಗಿತ್ತು. ಕಪ್ಪಾದ ಮಣ್ಣಿನ ನಡುವೆ ಹಸಿರು ಕಲ್ಲಿನ ಬಳೆಯೊಂದು ಮಾತ್ರ ಬಿರುಕಿಲ್ಲದೆ ಇತ್ತು. ಮೂಳೆ ಇಲ್ಲದಲ್ಲಿ ದೇಹವಿದ್ದ ಜಾಗದ ಕಪ್ಪು ಮಣ್ಣನ್ನೇ ಒಯ್ಯಬೇಕು. ಅತ್ತೆಯವರು ಅದನ್ನು ಕೈಯಾರೆ ಕೆಂಪು ಬಟ್ಟೆಗೆ ತುಂಬಿಕೊಂಡರು. ಬಳೆಯನ್ನು ಬೆಂಕಿಗೆ ಕೊಡದೆ ತೆಗೆದಿರಿಸಿ, ಆಮೇಲೆ ಭಸ್ಮದ ಕರಂಡಕದೊಳಗೆ ಇಟ್ಟೆವು. ಸಮಾಧಿಯ ಹೆಂಚನ್ನೋ ಸಿಂಹವನ್ನೋ ನೆನಪಿಗೆ ತರೋಣವೇ ಎಂದು ಕೇಳಿದ ನನ್ನ ಹೆಂಡತಿಗೆ ಅತ್ತೆಯವರು, "ಆ ಮನೆಯ ಸಾಮಾನು ಈ ಮನೆಗೆ ಬರಬಾರದು, ಮಗಳೇ" ಎಂದರು. ಹೊರಡುವಾಗ ಎಲ್ಲರೂ ಹೂ ಹಾಕಿದ ನೀರಿನಲ್ಲಿ ಕೈ ಮುಖ ತೊಳೆದುಕೊಂಡೆವು.

ಭಸ್ಮಾಲಯದ ಗೂಡಿನ ವಿಷಯ ಬೇಗ ಮುಗಿಯಿತು. ಸರ್ಕಾರಿ ಗೂಡುಗಳನ್ನು ಸರದಿಯಂತೆ ಕೊಡುತ್ತಾರೆ, ಹೆಚ್ಚಿನ ಶುಲ್ಕ ಕೊಟ್ಟರೆ ಆರಿಸಿಕೊಳ್ಳಬಹುದು. ಅತ್ತೆಯವರಿಗೆ ಗೂಡು ಕಣ್ಣಿನ ಮಟ್ಟದಲ್ಲಿರಬೇಕಿತ್ತು, ಸಂಖ್ಯೆಯಲ್ಲಿ, ಚೀನೀ ಮಾತಿನಲ್ಲಿ ಸಾವಿನಂತೆ ಕೇಳಿಸುವ ನಾಲ್ಕು ಇರಬಾರದಿತ್ತು. ಎರಡೂ ಸಿಕ್ಕವು.

ಉಳಿದದ್ದು ಹೊಸ ಮನೆ. ಇಲ್ಲಿ ಪಂಡಿತರಿಗೆ ಮೊದಲ ತೊಡಕು ಬಂದದ್ದು ಸೂಜಿಯಿಂದಲೇ. ಕಾಂಕ್ರೀಟಿನೊಳಗಿನ ಕಬ್ಬಿಣ ಮತ್ತು ಮುಂಬಾಗಿಲ ಕಬ್ಬಿಣದ ಗೇಟಿನ ಹತ್ತಿರ ಅದು ನಡುಗುತ್ತಾ ಒಂದೊಂದು ಹೆಜ್ಜೆಗೆ ಒಂದೊಂದು ಲೆಕ್ಕ ತೋರಿಸುತ್ತಿತ್ತು. ಅವರು ಮನೆಯೊಳಗೆ ಹಲವು ಕಡೆ ನೋಡಿ, ಆಮೇಲೆ ಕೆಳಗಿಳಿದು ಕಟ್ಟಡದಿಂದ ದೂರ ನಿಂತು ಗೋಡೆಯ ಜಾಡಿಗೆ ಸಮಾನಾಂತರವಾಗಿ ಹಿಡಿದು ನಿಶ್ಚಯಿಸಿದರು. ಮುಂಬಾಗಿಲು ತೆರೆದರೆ ನೇರ ಎದುರಿಗೆ ಹಿಂದಿನ ಕಿಟಕಿ ಕಾಣುತ್ತಿದ್ದುದು ಅವರಿಗೆ ಸರಿಬರಲಿಲ್ಲ. ಅಂಗಳದ ನೀರಿನ ವಿಷಯದಲ್ಲಿ ಹೇಳಿದ್ದನ್ನೇ ಇಲ್ಲಿಯೂ ಹೇಳಿದರು, ಬಂದದ್ದು ಓಡಿಹೋಗಬಾರದು, ತಿರುಗಿ ಸುಳಿಯಬೇಕು. ಬಾಗಿಲ ಬಳಿ ಮರದ ಜಾಲರಿಯ ಅಡ್ಡತೆರೆಯೊಂದನ್ನು ಬರೆದುಕೊಟ್ಟೆ. ಮಂಚದ ಕಾಲುಕಡೆ ಬಾಗಿಲಿಗೆ ನೇರವಾಗದಂತೆ, ಒಲೆ ಮತ್ತು ಸಿಂಕು ಎದುರುಬದುರಾಗದಂತೆ ನಕ್ಷೆ ತಿದ್ದಿದೆ. ಹಳೆಯ ಸಾಲುಮನೆಗಳಲ್ಲಿ ನಡುವೆ ಮಳೆ ಬೀಳುವ ತೆರೆದ ಅಂಗಳವಿರುತ್ತದೆ, ನಮ್ಮ ತೊಟ್ಟಿಮನೆಗಳಲ್ಲಿ ಇದ್ದ ಹಾಗೆ, ನಾಲ್ಕು ಮಾಡಿನ ನೀರೂ ಮನೆಯೊಳಗೇ ಬೀಳುತ್ತದೆ. ಫ್ಲ್ಯಾಟಿನಲ್ಲಿ ಅದಕ್ಕೆ ಅವಕಾಶವಿಲ್ಲ.

ಪೂಜಾಪೀಠಕ್ಕೆ ಅವರು ಆರಿಸಿದ್ದು ಹಜಾರದ ಈಶಾನ್ಯದ ಗೋಡೆಯನ್ನು, ಅದರ ಹಿಂದೆ ಶೌಚಾಲಯವೂ ಕಿಟಕಿಯೂ ಇಲ್ಲದ ಕಾರಣಕ್ಕೆ. ಆ ಗೋಡೆಗೆ ಬೆನ್ನು ಕೊಟ್ಟರೆ ಮುಖ ನೈಋತ್ಯಕ್ಕೆ, ಅಂದರೆ ಗೆನ್‌ನಲ್ಲಿ ಕುಳಿತು ಕುನ್ ನೋಡುವ ಅದೇ ಭಂಗಿ. ಗುಡ್ಡದ ಜಾಗದಲ್ಲಿ ಗಟ್ಟಿ ಗೋಡೆ, ಅಂಗಳದ ಜಾಗದಲ್ಲಿ ಪೀಠದ ಮುಂದೆ ಏನನ್ನೂ ಇಡದೆ ಬಿಟ್ಟ ನೆಲ. ಡ್ರ್ಯಾಗನ್ ಬದಿಯಾದ ಎಡಕ್ಕೆ ದೇವರು, ಹುಲಿಯ ಬದಿಯಾದ ಬಲಕ್ಕೆ ಪೂರ್ವಜರ ಫಲಕ, ಅದು ದೇವರಿಗಿಂತ ತುಸು ತಗ್ಗಿನಲ್ಲಿ. ಗೋಡೆಯಲ್ಲಿ 90 ಸೆಂ.ಮೀ. ಅಗಲದ ಜಾಗ ಸಿಗುತ್ತಿದ್ದುದರಿಂದ ನಾನು ಪೀಠವನ್ನೂ ಅಷ್ಟೇ ಬರೆದಿದ್ದೆ. ಪಂಡಿತರು ಟೇಪು ಎಳೆದು ತೋರಿಸಿದರು. ಮೇಲಿನ ಸಾಲಿನಲ್ಲಿ 90 'ಸಂಪತ್ತಿ'ನ ಮೇಲೆ ಬಿದ್ದು ಕೆಂಪಾಗಿತ್ತು, ಕೆಳಗಿನ ಸಾಲಿನಲ್ಲಿ 'ಕಷ್ಟ'ದ ಮೇಲೆ ಬಿದ್ದು ಕಪ್ಪಾಗಿತ್ತು. ಬಟ್ಟೆಯ ಕಪಾಟಾಗಿದ್ದರೆ ಅದೇ ಅಳತೆ ನಡೆಯುತ್ತಿತ್ತು, ಹಿರಿಯರ ಪೀಠಕ್ಕೆ ನಡೆಯದು. 88ಕ್ಕೆ ಇಳಿಸಿದಾಗ ಕೆಳಗಿನ ಸಾಲು 'ಏಳಿಗೆ'ಗೆ ಬಂತು, ಮೇಲಿನದೂ ಕೆಂಪಾಗಿಯೇ ಉಳಿಯಿತು. ಬಡಗಿಗೆ ಕಾರಣ ಹೇಳಬೇಕಾಗಲಿಲ್ಲ. ಅವನ ಸೊಂಟದಲ್ಲಿದ್ದದ್ದೂ ಅದೇ ಟೇಪು.

ಮರುವರ್ಷದ ಚಿಂಗ್‌ಮಿಂಗ್‌ಗೆ ಭಸ್ಮಾಲಯಕ್ಕೆ ಹೋದಾಗ ಕೆಲವು ವಿಧಿಗಳಿಗೆ ಜಾಗವಿರಲಿಲ್ಲ. ದಿಬ್ಬದ ಮೇಲೆ ಕಲ್ಲಿಟ್ಟು ಬಿಡುತ್ತಿದ್ದ ಬಣ್ಣದ ಕಾಗದಗಳಿಗೆ ದಿಬ್ಬವಿಲ್ಲ, ಚಿಪ್ಪುಮೀನು ತಿಂದು ಚಿಪ್ಪುಗಳನ್ನು ಸಮಾಧಿಯ ಮೇಲೆ ಹರಡುವ ಹೊಕ್ಕಿಯನ್ ರೂಢಿಗೂ ನೆಲವಿಲ್ಲ. ಅತ್ತೆಯವರು ಅವನ್ನು ಬಿಟ್ಟರು. ಭೂದೇವರಿಗೆ ಮೊದಲ ಪೂಜೆ ಎಂಬುದನ್ನು ಮಾತ್ರ ಬಿಡಲಿಲ್ಲ, ಅಲ್ಲಿನ ಸಾಮೂಹಿಕ ಪೀಠದಲ್ಲಿ ಅದನ್ನು ಸಲ್ಲಿಸಿಯೇ ಗೂಡಿನ ಮುಂದೆ ಬಂದರು. ರಸ್ತೆ 2018 ಮತ್ತು 2019ರಲ್ಲಿ ಹಂತಹಂತವಾಗಿ ಲಾರ್ನಿ ಹೈವೇ ಎಂಬ ಹೆಸರಿನಲ್ಲಿ ತೆರೆಯಿತು. ಕಾಡುಪ್ರಾಣಿಗಳು ಕೆಳಗೆ ಓಡಾಡಲೆಂದು ಅದರ ಸುಮಾರು 600 ಮೀಟರ್ ಭಾಗವನ್ನು ಸೇತುವೆಯಾಗಿ ಎತ್ತರಿಸಿದ್ದಾರೆ.

ಸಮಾಧಿಯ ನಕ್ಷೆಯನ್ನು ಗೋಡೆಗೆ ಹಾಕಬಾರದೆಂದು ಅತ್ತೆಯವರು ಹೇಳಿದ್ದರಿಂದ ಅದು ಮಾವನವರ ವಂಶಾವಳಿಯ ಪುಸ್ತಕದೊಳಗಿದೆ. ಅಳತೆ, ದಿಕ್ಕು, ನೀರಿನ ಕಂಡಿಯ ಸ್ಥಾನ, ಶಾಸನದ ಪ್ರತಿಯೊಂದು ಅಕ್ಷರ, ಕೆಂಪು ಬಣ್ಣ ಕಂಡ ಗೀರುಗಳು ಎಲ್ಲವೂ ಅದರಲ್ಲಿವೆ. ಟೊಂಗ್‌ಆನ್‌ನಲ್ಲಿ ಉಳಿದ ಹಿರಿಯ ಮಗನ ಹೆಸರನ್ನು ಮಾವನವರು ವಂಶಾವಳಿಯಲ್ಲಿ ಅವನ ಸ್ಥಾನದಲ್ಲೇ, ಎಲ್ಲ ತಮ್ಮಂದಿರಿಗಿಂತ ಮೊದಲು, ಬರೆದಿದ್ದಾರೆ.